ಜೋಗ ನಿಂತಲ್ಲೇ ನಿಂತಿಲ್ಲ

ಮಳೆಗಾಲ ಜೋರಾಯಿತೆಂದರೆ ಸಾಗರದ ಕಡೆ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ: "ಲಿಂಗನಮಕ್ಕಿ ಎಷ್ಟಾಯ್ತು?" ಅಣೆಕಟ್ಟಿನ ಪೂರ್ಣ ಮಟ್ಟ ಸಮುದ್ರ ಮಟ್ಟದಿಂದ 1819 ಅಡಿ. ನೀರು ಅಲ್ಲಿಗೆ ಮುಟ್ಟಿ ಗೇಟು ತೆಗೆದರೆ ಜೋಗಕ್ಕೆ ಹಳೆಯ ಅಬ್ಬರ ಬರುತ್ತದೆ. 830 ಅಡಿ, ಅಂದರೆ 253 ಮೀಟರ್ ಮೇಲಿನಿಂದ ಶರಾವತಿ ಧುಮುಕುತ್ತಾಳೆ.

ಅಷ್ಟೆತ್ತರದ ಕಲ್ಲಿನ ಗೋಡೆ ಅಲ್ಲಿಗೆ ಬಂದದ್ದು ಹೇಗೆ? ಅದಕ್ಕೆ ಸುಮಾರು 9 ಕೋಟಿ ವರ್ಷ ಹಿಂದಕ್ಕೆ ಹೋಗಬೇಕು. ಆಗ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಗೆ ಅಂಟಿಕೊಂಡಿತ್ತು. ಆಮೇಲೆ ನೆಲ ಸೀಳಿತು, ಅದು ದೂರ ಸರಿಯಿತು. ಇತ್ತ ಉಳಿದದ್ದು ಎತ್ತರದ ಒಂದು ಅಂಚು. ಪಶ್ಚಿಮ ಘಟ್ಟದ ಕಥೆ ಶುರುವಾಗುವುದು ಅಲ್ಲಿಂದ ಎನ್ನುತ್ತಾರೆ ಭೂವಿಜ್ಞಾನಿಗಳು. ಅಂದಿನಿಂದ ಮಳೆ, ಹಳ್ಳ, ಹೊಳೆಗಳೆಲ್ಲ ಸೇರಿ ಆ ಅಂಚನ್ನು ತಿನ್ನುತ್ತಲೇ ಇವೆ. ಅಂಚು ಪೂರ್ವಕ್ಕೆ ಸರಿಯುತ್ತಲೇ ಇದೆ. ಹೊನ್ನಾವರದ ಕಡಲಿನಿಂದ ಜೋಗಕ್ಕೆ ನೇರ ಗೆರೆ ಎಳೆದರೆ ಈಗ ಸುಮಾರು 40 ಕಿ.ಮೀ.

ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ. ಅದೇ ತೀರ್ಥಹಳ್ಳಿಯ ಪೇಟೆಯ ಪಕ್ಕ ತುಂಗೆ ಹರಿಯುತ್ತಾಳೆ. ಅವಳ ನೀರು ಕೃಷ್ಣೆಯನ್ನು ಸೇರಿ ಬಂಗಾಳ ಕೊಲ್ಲಿಗೆ ಹೋಗುತ್ತದೆ, ಇವಳದು ಅರಬ್ಬಿ ಸಮುದ್ರಕ್ಕೆ. ಘಟ್ಟದ ಮೇಲಿನ ನೆಲ ಒಟ್ಟಾರೆ ಪೂರ್ವಕ್ಕೆ ಇಳಿಜಾರು. ಹಾಗಾಗಿ ಹೆಚ್ಚಿನ ದೊಡ್ಡ ನದಿಗಳು ಕಡಲಿಗೆ ಬೆನ್ನು ಹಾಕಿ ಹೋಗುತ್ತವೆ. ಶರಾವತಿ ಮಾತ್ರ ಮಲೆನಾಡಿನ ಮೇಲೆ ವಾಯವ್ಯಕ್ಕೆ ಸಾವಕಾಶವಾಗಿ ಹರಿದು, ಘಟ್ಟದ ಅಂಚಿಗೆ ಬಂದು ಒಮ್ಮೆಲೇ ಬೀಳುತ್ತಾಳೆ.

ಶಾಲೆಯ ಪುಸ್ತಕದಲ್ಲಿ ಜಲಪಾತದ ಚಿತ್ರ ನೋಡಿರುತ್ತೀರಿ, ಅಲ್ವಾ? ಮೇಲೆ ಗಟ್ಟಿ ಕಲ್ಲು, ಕೆಳಗೆ ಮೆತ್ತನೆಯದು. ನಯಾಗರಕ್ಕೆ ಅದು ಸರಿ. ಜೋಗಕ್ಕೆ ಆ ಚಿತ್ರ ಹೊಂದುವುದಿಲ್ಲ ಅನ್ನಿಸುತ್ತದೆ ನನಗೆ. ಮಲೆನಾಡಿನ ಮನೆಗೋಡೆಗೆ ಹಾಕುವ ಜಂಬಿಟ್ಟಿಗೆ ಕಲ್ಲನ್ನು ಕೊಡಲಿಯಲ್ಲಿ ಕೆತ್ತಬಹುದು. ಅದರ ಅಡಿಯ ಬಂಡೆ ಬೇರೆಯೇ. ಭೂಮಿಯ ಒಳಗಿನ ಕಾವಿನಲ್ಲಿ ಬೆಂದು ಗಟ್ಟಿಯಾದದ್ದು, 250 ಕೋಟಿ ವರ್ಷಕ್ಕೂ ಹಳೆಯದು. ಇದು ಸುಮ್ನೆ ಸವೆಯುವ ಕಲ್ಲಲ್ಲ. ಆದರೆ ಇದರಲ್ಲಿ ಬಿರುಕುಗಳಿವೆ. ನೀರು ಬಿರುಕಿಗೆ ಇಳಿಯುತ್ತದೆ, ಅಗಲ ಮಾಡುತ್ತದೆ, ಬುಡ ಸಡಿಲಾಗುತ್ತದೆ. ಒಂದು ದಿನ ಇಡೀ ತುಂಡೇ ಕಳಚಿ ಬೀಳುತ್ತದೆ. ಗೋಡೆ ನೆಟ್ಟಗೆ ಉಳಿಯುವುದು ಹೀಗೆ.

ನಾಲ್ಕು ಕವಲುಗಳೂ ಆ ಗೋಡೆಯ ಆಕಾರವನ್ನೇ ತೋರಿಸುತ್ತವೆ. ರಾಜಾ ಕಲ್ಲಿಗೆ ತಾಗದೆ ನೇರ ಬೀಳುತ್ತದೆ. ರೋರರ್ ಬಂಡೆಯ ಸಂದಿನಲ್ಲಿ ಗರ್ಜಿಸುತ್ತಾ ಹೋಗಿ ಅದನ್ನೇ ಸೇರುತ್ತದೆ. ರಾಕೆಟ್ ಚಾಚಿದ ಕಲ್ಲಿಗೆ ಬಡಿದು ಚಿಮ್ಮುತ್ತದೆ. ರಾಣಿ ಬಂಡೆಯ ಮೈ ಸವರಿಕೊಂಡು ನೊರೆಯಾಗಿ ಇಳಿಯುತ್ತದೆ.

ಜೋಗದ ಹಳೆಯ ಹೆಸರು ಗೇರುಸೊಪ್ಪೆ ಜಲಪಾತ. ಊರು ಗೇರುಸೊಪ್ಪೆ ಇರುವುದು ಮಾತ್ರ ದೂರ ಕೆಳಗೆ, ಘಟ್ಟದ ಬುಡದಲ್ಲಿ. ಅಲ್ಲಿಂದ ಜೋಗದವರೆಗಿನ ಆಳ ಕಣಿವೆಯೇ ನದಿ ಕಲ್ಲು ಕಡಿಯುತ್ತಾ ಹಿಂದಕ್ಕೆ ನಡೆದು ಬಂದ ದಾರಿ.

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಹೆಚ್ಚಿನ ನೀರು ಪೈಪುಗಳಲ್ಲಿ ಇಳಿದು ಕರೆಂಟ್ ಮಾಡುತ್ತದೆ. ಬೇಸಿಗೆಯಲ್ಲಿ ಜೋಗದ ಗೋಡೆ ಹೆಚ್ಚುಕಮ್ಮಿ ಬರಿದಾಗಿರುತ್ತದೆ. ಬಿರುಕು, ಕಲೆ, ಕಲ್ಲು ಕಳಚಿದ ಗುರುತು ಎಲ್ಲ ಕಣ್ಣಿಗೆ ಬೀಳುತ್ತವೆ. ಜನ ಆಗ "ನೀರಿಲ್ಲ" ಎಂದು ಬೇಗ ವಾಪಸಾಗುತ್ತಾರೆ. ನನಗೆ ಜೋಗವನ್ನು ಜಾಸ್ತಿ ಹೊತ್ತು ನೋಡಬೇಕು ಅನ್ನಿಸುವುದು ಆಗಲೇ.