ತೋರಿಸಿದ ಫೋನು, ಮಾರುವ ಫೋನು

"ಆ ಸ್ಕ್ರೀನ್ ಹಿಗ್ಗುವ ಫೋನ್ ಯಾವಾಗ ಬರುತ್ತೆ ಸಾರ್? ಅದಕ್ಕೇ ಕಾಯ್ತಾ ಇದೀನಿ." ನಾನು ಫೋನಿನ ಹಾರ್ಡ್‌ವೇರ್ ಕೆಲಸದವನು ಅಂತ ಗೊತ್ತಾದರೆ ಸಾಕು, ಇದೇ ಪ್ರಶ್ನೆ. ಒಪ್ಪೋ 2020ರ ನವೆಂಬರ್‌ನಲ್ಲಿ 6.7ರಿಂದ 7.4 ಇಂಚಿಗೆ ಹಿಗ್ಗುವ 'ಎಕ್ಸ್ 2021' ತೋರಿಸಿತು. ಅಂಗಡಿಗೆ ಬರಲೇ ಇಲ್ಲ. ಎಲ್‌ಜಿ 2021ರ ಜನವರಿಯಲ್ಲಿ ಅಂಥದ್ದೇ ಒಂದನ್ನು ತೋರಿಸಿ, ಏಪ್ರಿಲ್ಲಿಗೆ ಫೋನ್ ವ್ಯಾಪಾರವನ್ನೇ ಬಿಡುವುದಾಗಿ ಹೇಳಿತು.

"ಮಾಡಿದ್ದಾರಲ್ಲ, ಮಾರೋಕೇನು ಕಷ್ಟ?" ಅಂತಾರೆ. ತಲೆ ಚಚ್ಚಿಕೊಳ್ಳುವಂತಾಗುವುದು ಇಲ್ಲೇ. ವೇದಿಕೆಯ ಫೋನನ್ನು ಸಾಮಾನ್ಯವಾಗಿ ಎಂಜಿನಿಯರುಗಳೇ ಕೂತು, ಇದ್ದುದರಲ್ಲಿ ಒಳ್ಳೆಯ ಬಿಡಿಭಾಗ ಆರಿಸಿ, ಕೈಯಾರೆ ಜೋಡಿಸಿರುತ್ತಾರೆ. ಕೆಟ್ಟರೆ ಚೀಲದಲ್ಲಿ ಇನ್ನೊಂದಿರುತ್ತದೆ. ಕಾರ್ಖಾನೆಯ ಲೆಕ್ಕ ಬೇರೆ. ಜೋಡಣೆಯಲ್ಲಿ ನೂರು ಹಂತ ಇವೆ, ಪ್ರತಿ ಹಂತದಲ್ಲೂ ನೂರಕ್ಕೆ 99 ಸರಿಯಾಗಿ ಬರುತ್ತವೆ ಅನ್ನಿ. ಕೊನೆಗೆ ಸರಿಯಾಗಿ ಹೊರಬರುವುದು ನೂರಕ್ಕೆ 99 ಅಲ್ಲ, ಸುಮಾರು 37! ಮಿಕ್ಕವು ರಿಪೇರಿಗೆ ಇಲ್ಲವೇ ಗುಜರಿಗೆ, ಅವುಗಳ ಖರ್ಚೂ ಈ 37ರ ತಲೆಯ ಮೇಲೆ. ಪಾಸಾದ ಫೋನು ಜೇಬಿನ ಧೂಳು, ಬೆವರು, ಮಕ್ಕಳ ಕೈ ಎಲ್ಲ ತಡೆದು ವರ್ಷಗಟ್ಟಲೆ ಹಿಗ್ಗಿ ಕುಗ್ಗಬೇಕು. ಕೆಟ್ಟರೆ ಬಿಡಿಭಾಗ ಸಿಗಬೇಕು.

ಹಾಗಾದರೆ ತೋರಿಸುವುದೇಕೆ? ಸುದ್ದಿ, ಷೇರುದಾರರ ಸಮಾಧಾನ, ಬಿಡಿಭಾಗ ಪೂರೈಸುವವರ ಜತೆ ಮಾತಿಗೊಂದು ಆಧಾರ. ಒಳಗಿನ ಹುಡುಗರ ಹುಮ್ಮಸ್ಸನ್ನೂ ಮರೆಯಬೇಡಿ. ಅವರು ನಿದ್ದೆಗೆಟ್ಟು ಮಾಡಿದ್ದನ್ನು ನಾಲ್ಕು ಜನ ನೋಡಲಿ ಅನ್ನುವುದು ತಪ್ಪೇನಲ್ಲ.

ಎಲ್ಲವೂ ಬರೀ ತೋರಿಕೆ ಅಂತಲೂ ನಾನು ಹೇಳಲಾರೆ. ವಿವೊ 2018ರ ಆರಂಭದಲ್ಲಿ 'ಏಪೆಕ್ಸ್'ನಲ್ಲಿ ತೋರಿಸಿದ ಮೇಲೇಳುವ ಸೆಲ್ಫಿ ಕ್ಯಾಮೆರಾ ಅದೇ ಜೂನ್‌ನಲ್ಲಿ 'ನೆಕ್ಸ್' ಆಗಿ ಮಾರಾಟಕ್ಕೆ ಬಂತು. ಸ್ಯಾಮ್‌ಸಂಗ್ ಬಾಗುವ ಪರದೆ ತೋರಿಸಿದ್ದು 2013ರಲ್ಲಿ. ಮಡಚುವ ಫೋನು 2019ರಲ್ಲಿ. ಅದೂ ವಿಮರ್ಶಕರ ಕೈಯಲ್ಲಿ ಪರದೆಗಳು ಕೆಟ್ಟು, ಏಪ್ರಿಲ್‌ನ ಬಿಡುಗಡೆ ಸೆಪ್ಟೆಂಬರಿಗೆ ಹೋಯಿತು.

ಬೆಲೆ ಹೇಳಿದರೆ ಬಂದಂತೆಯೇ ಅಲ್ಲವೇ ಅಂತ ಕೆಲವರು ಕೇಳುತ್ತಾರೆ. ಶವೋಮಿ 2019ರಲ್ಲಿ 'ಮಿ ಮಿಕ್ಸ್ ಆಲ್ಫಾ'ಗೆ 19,999 ಯುವಾನ್ ಅಂತ ಬೆಲೆಯನ್ನೂ ಹೇಳಿತ್ತು. ಮುಂದಿನ ವರ್ಷ, ಅದನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸುವುದಿಲ್ಲ ಅಂದುಬಿಟ್ಟಿತು.