ಕೂಲರ್ ಗಾಳಿಗೆ ಇಳಿದ ತಬಲಾ

ಏಪ್ರಿಲ್ ತಿಂಗಳು, ವಿಜಯಪುರದಲ್ಲಿ ವಚನ ಗಾಯನ. ಬಯಲು ವೇದಿಕೆ. ಸಂಜೆ ಆರಾದರೂ ನೆಲ ಕಾದೇ ಇತ್ತು. ಬೆಳಗಾವಿಯಿಂದ ಒಯ್ದಿದ್ದ ತಬಲಾ ಅರ್ಧ ಸ್ವರದಷ್ಟು ಏರಿ ಕೂತಿತ್ತು. ಸುತ್ತಿಗೆ ಹಿಡಿದು ಅಂಚಿನ ಸುತ್ತ ಇರುವ ಒಂದೊಂದೇ ಮನೆ ಇಳಿಸಿ ಕಾಳಿ ಒಂದಕ್ಕೆ, ಅಂದರೆ ಹಾರ್ಮೋನಿಯಂನ ಮೊದಲ ಕರಿ ಕೀಲಿಯ ಸ್ವರಕ್ಕೆ, ಕೂಡಿಸಿದೆ. ಅಷ್ಟರಲ್ಲಿ ಸಂಘಟಕರೊಬ್ಬರು ನನ್ನ ಬೆವರು ನೋಡಿ, ಪಾಪ ಅನ್ನಿಸಿ, ದೊಡ್ಡದೊಂದು ನೀರಿನ ಕೂಲರ್ ತಂದು ಪಕ್ಕಕ್ಕೇ ಇಟ್ಟರು. ಎರಡನೇ ವಚನದ ಹೊತ್ತಿಗೆ ಗಾಯಕರು ತಿರುಗಿ ನೋಡಿದರು. 'ಯಾಕ್ರೀ, ತಬಲಾ ಇಳದೈತಲ್ಲ?'

ನನಗೆ ತಂಪು, ತೊಗಲಿಗೆ ಮಳೆಗಾಲ!

ತೊಗಲು ಗಾಳಿಯಲ್ಲಿನ ನೀರು ಕುಡಿಯುತ್ತದೆ. ಕುಡಿದರೆ ಸಡಿಲಾಗುತ್ತದೆ, ಬಿಗಿ ತಪ್ಪಿ ಸ್ವರ ಇಳಿಯುತ್ತದೆ. ಒಣಗಿದರೆ ಎಳೆದುಕೊಳ್ಳುತ್ತದೆ, ಸ್ವರ ಏರುತ್ತದೆ. ಎಲ್ಲ ಚರ್ಮವಾದ್ಯಕ್ಕೂ ಹೀಗೇ. ಆದರೆ ಹಲಗಿ ಸ್ವಲ್ಪ ಇಳಿದರೆ ಯಾರ ಗಮನಕ್ಕೂ ಬರುವುದಿಲ್ಲ, ತಬಲಾ ಇಳಿದರೆ ತಕ್ಷಣ ಸಿಕ್ಕಿಬೀಳುತ್ತದೆ. ಬಲದ ತಬಲಾಕ್ಕೆ ನಿಜವಾದ ಸ್ವರ ಇದೆ, ಅದಕ್ಕೇ. ಸಾದಾ ತೊಗಲು ಬಾರಿಸಿದರೆ ಹುಟ್ಟುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ. ನಡುವೆ ಬಳಿಯುವ ಕಪ್ಪು ಶಾಯಿಯ ತೂಕ ಅವನ್ನು ತಂತಿವಾದ್ಯದ ಹಾಗೆ ಸಾಲಾಗಿ ನಿಲ್ಲಿಸುತ್ತದೆ. ಸಿ.ವಿ. ರಾಮನ್ ಇದರ ಬಗ್ಗೆ 1920ರಲ್ಲೇ 'ನೇಚರ್' ಪತ್ರಿಕೆಗೆ ಬರೆದಿದ್ದರು. ನೊಬೆಲ್ ಬರುವುದಕ್ಕೆ 10 ವರ್ಷ ಮೊದಲು, ಅದೂ ನಮ್ಮ ಮೃದಂಗ, ತಬಲಾ ಇಟ್ಟುಕೊಂಡು!

ಹವೆಯ ಈ ಕಾಟ ಹಿಂದೆಯೂ ಇತ್ತು. ಆದರೆ ಏಕತಾರಿ, ದಮ್ಮಡಿ ಹಿಡಿದು ತತ್ವಪದ ಹಾಡುವವರಿಗೆ ಚಿಂತೆ ಇರಲಿಲ್ಲ. ತಂತಿಯನ್ನು ಕೊರಳಿಗೆ ಹೊಂದಿಸಿಕೊಂಡರೆ ಮುಗಿಯಿತು. ಈಗ ಕೀಬೋರ್ಡ್, ಮೊದಲೇ ರೆಕಾರ್ಡ್ ಮಾಡಿಟ್ಟ ಟ್ರ್ಯಾಕ್, ಕಿವಿಯಲ್ಲಿ ಲಯ ಎಣಿಸುವ ಕ್ಲಿಕ್. ಅವು ಒಂದು ಕೂದಲೆಳೆಯಷ್ಟೂ ಸರಿಯುವುದಿಲ್ಲ. ಸರಿಯಬೇಕಾದವರು ನಾವೇ. ಹಾಗಾಗಿ ಈಗಿನ ಬ್ಯಾಂಡುಗಳಲ್ಲಿ ತೊಗಲು ಕಮ್ಮಿ, ಪ್ಲಾಸ್ಟಿಕ್ ಜಾಸ್ತಿ. ಡ್ರಮ್ ಸೆಟ್ಟಿಗೆ ಪ್ಲಾಸ್ಟಿಕ್ ಹೊದಿಕೆ ಬಂದು 60 ವರ್ಷದ ಮೇಲಾಯಿತು. ಮಳೆ ಬಂದರೂ ಜಗ್ಗುವುದಿಲ್ಲ. ಆದರೆ ತೊಗಲಿನಲ್ಲಿ ಬೇಗ ಸಾಯುವ ಮೇಲಿನ ನಾದಗಳ ಗುಂಯ್‌ಗುಡಿಕೆ ಇದರಲ್ಲಿ ಉಳಿದುಬಿಡುತ್ತದೆ. ಡ್ರಮ್ಮರ್‌ಗಳು ಸ್ನೇರ್ ಡ್ರಮ್ ಮೇಲೆ ಟೇಪ್ ಅಂಟಿಸುವುದನ್ನು, ಕೆಲವರು ಕರವಸ್ತ್ರ ಹಾಸುವುದನ್ನು ನೋಡಿರಬಹುದು. ಅದು ಸ್ಟೈಲ್ ಅಲ್ಲ, ಆ ಗುಂಯ್‌ಗುಡಿಕೆ ಕೊಲ್ಲುವ ಉಪಾಯ.

ಆಮೇಲೆ ಪ್ಯಾಡ್, ಅಂದರೆ ಬಡಿದರೆ ತುಂಬಿಟ್ಟ ಸದ್ದು ಹೊರಡಿಸುವ ಎಲೆಕ್ಟ್ರಾನಿಕ್ ವಾದ್ಯ. ರೋಲ್ಯಾಂಡ್ ಕಂಪನಿ ಮೊದಲ ಆಕ್ಟೋಪ್ಯಾಡ್ ಬಿಟ್ಟಿದ್ದು 1985ರಲ್ಲಿ. ಇವತ್ತು ಬೆಳಗಾವಿ ಕಡೆಯ ಯಾವ ರಸಮಂಜರಿಗೆ ಹೋದರೂ ಎಂಟು ಚೌಕದ ಆ ಹಲಗೆ ಇದ್ದೇ ಇರುತ್ತದೆ. ನಾನೂ ಬಾರಿಸುತ್ತೇನೆ, ಬೈಯುವುದಿಲ್ಲ. ಡೊಳ್ಳಿನ ಒಂದು ಗುದ್ದು, ಗಂಟೆ, ಚಪ್ಪಾಳೆ, ಇವೆಲ್ಲ ಪ್ಯಾಡಿನಲ್ಲಿ ಚೆನ್ನಾಗಿ ಬರುತ್ತವೆ. ಒಂದು ಏಟು, ಒಂದು ಸದ್ದು, ಅಷ್ಟೇ ಬೇಕಾದ ಕಡೆ ಅದು ಸಾಕು. ತಬಲಾದ ಜೋಡಿ, ಎಡಗೈಯ ಡಗ್ಗಾ ಮಾತ್ರ ಅದರಿಂದ ಆಗುವುದಿಲ್ಲ. ಬೆರಳು ಬಡಿದ ಮೇಲೆ ಮಣಿಕಟ್ಟು ಒತ್ತಿ ಮುಂದೆ ಸರಿಸಿದರೆ ಸ್ವರ ಮೇಲಕ್ಕೆ ಜಾರುತ್ತದೆ. ಎಷ್ಟು ಜಾರಬೇಕು ಅನ್ನುವುದನ್ನು ಗಾಯಕನ ಉಸಿರು ನೋಡಿ ಆ ಕ್ಷಣಕ್ಕೆ ಕೈ ನಿರ್ಧರಿಸುತ್ತದೆ. ಪ್ಯಾಡಿನಲ್ಲಿರುವ ಜಾರಿಕೆ ಯಾರೋ ಎಂದೋ ಜಾರಿಸಿ ಇಟ್ಟಿದ್ದು. ಹಾಡು ನಿಧಾನವಾದರೂ ಅದು ನಿಧಾನವಾಗುವುದಿಲ್ಲ.

ಹಾಗಾಗಿ ಪ್ಯಾಡ್ ಜೊತೆ ತಬಲಾವನ್ನೂ ಹೊರುತ್ತೇನೆ. ಹವೆಯ ಜೊತೆ ಗುದ್ದಾಟ ಇದ್ದದ್ದೇ. ಹಲಗಿಯವರು ಮೆರವಣಿಗೆಗೆ ಮೊದಲು ಹುಲ್ಲಿಗೋ ಹಳೇ ಪೇಪರಿಗೋ ಬೆಂಕಿ ಹಚ್ಚಿ, ಹಲಗಿ ಕಾಯಿಸಿ, ಬೆರಳಲ್ಲಿ ಟಣ್ ಅನಿಸಿ ನೋಡುತ್ತಾರಲ್ವಾ? ಬೆಳಗಾವಿಯ ಜುಲೈನಲ್ಲಿ ನಾನು ಮಾಡುವುದೂ ಅದನ್ನೇ, ಹೇರ್ ಡ್ರೈಯರ್‌ನಿಂದ. ಬ್ಯಾಗಿನಿಂದ ಅದನ್ನು ತೆಗೆದಾಗಲೆಲ್ಲ ಯಾರಾದರೂ ನಗುತ್ತಾರೆ. ನನ್ನ ತಲೆಯಲ್ಲಿ ಕೂದಲೂ ಅಷ್ಟಕ್ಕಷ್ಟೇ. ಹೊಸಬರಿಗೆ ಒಂದು ಮಾತು: ಬಿಸಿ ಗಾಳಿಯನ್ನು ಒಂದು ಮೊಳ ದೂರದಿಂದ ಅಂಚಿಗೆ ಹಿಡಿಯಿರಿ. ಶಾಯಿಯ ಮೇಲೆ ನೇರ ಹಿಡಿದರೆ ಬಿರುಕು ಬಿಡುತ್ತದೆ. ಇನ್ನು ವಿಜಯಪುರಕ್ಕೆ ಹೋದರೆ ಮೈಕ್ ಎಲ್ಲಿ ಅಂತ ಕೇಳುವ ಮೊದಲು ಕೂಲರ್ ಎಲ್ಲಿ ಅಂತ ಕೇಳಿ.