ಕೋಳಿ ಜಾಲರಿ ಕೋಳಿ ಕಾಯುವುದಿಲ್ಲ

ಪ್ರಶ್ನೆ: ಹಿತ್ತಲಲ್ಲಿ ಆರು ಕೋಳಿಗೆ ಜರುಗಿಸುವಂಥ ಗೂಡು ಮಾಡಬೇಕು. ಸುತ್ತ ಕೋಳಿ ಜಾಲರಿ ಬಿಗಿದರೆ ಸಾಕಲ್ಲವೇ?

ಸಾಲದು. ಈ ಮಾತು ಎಷ್ಟನೇ ಸಲ ಹೇಳುತ್ತಿರುವುದೋ ಲೆಕ್ಕ ತಪ್ಪಿದೆ. ಹೆಸರಲ್ಲೇ ಕೋಳಿ ಇದೆಯಲ್ಲ ಎಂದು ಎಲ್ಲರೂ ನಂಬುತ್ತಾರೆ. ಅದು ಕೋಳಿಯನ್ನು ಒಳಗಿಡುವ ಜಾಲರಿ. ಕೋಳಿ ತಿನ್ನುವವರನ್ನು ಹೊರಗಿಡುವುದು ಅದರ ಕೆಲಸವೇ ಅಲ್ಲ.

ಕೈಯಲ್ಲಿ ಹಿಡಿದು ನೋಡಿ. ಆರು ಮೂಲೆಯ ಕಣ್ಣು, ಸುತ್ತಿ ಹೆಣೆದ ತೆಳು ತಂತಿ. ಎರಡು ಬೀದಿನಾಯಿ ಸೇರಿ ಒಂದೇ ಕಡೆ ಹಲ್ಲು ಹಾಕಿ ಎಳೆದರೆ ಹೆಣಿಗೆ ಬಿಚ್ಚಿಕೊಳ್ಳುತ್ತದೆ. ಒಂದಿಂಚಿನ ಕಣ್ಣಲ್ಲಿ ಇಲಿ, ಸಣ್ಣ ಹಾವು ಸಲೀಸಾಗಿ ನುಗ್ಗುತ್ತವೆ. ಪುನುಗು ಬೆಕ್ಕು ಒಳಗೆ ಬರಬೇಕೆಂದೂ ಇಲ್ಲ. ಜಾಲರಿಗೆ ಒತ್ತಿ ಮಲಗಿದ ಕೋಳಿಯ ಕಾಲನ್ನೋ ಕತ್ತನ್ನೋ ಹೊರಗಿನಿಂದಲೇ ಹಿಡಿದೆಳೆಯುತ್ತದೆ. ಬೆಳಿಗ್ಗೆ ಜಾಲರಿ ನೆಟ್ಟಗಿರುತ್ತದೆ, ಕೋಳಿಗೆ ತಲೆ ಇರುವುದಿಲ್ಲ. ಆಗ ಮಾಟ, ದೃಷ್ಟಿ ಎಂದೆಲ್ಲ ಮಾತು ಏಳುತ್ತದೆ!

ಬೇಕಾದದ್ದು ಅರ್ಧ ಇಂಚು ಚೌಕದ ಕಣ್ಣಿನ, 1 ಮಿ.ಮೀ. ತಂತಿಯ ವೆಲ್ಡ್ ಮೆಶ್, ಅಂದರೆ ತಂತಿ ಕೂಡುವಲ್ಲೆಲ್ಲ ಬೆಸುಗೆ ಹಾಕಿದ ಜಾಲರಿ. ದುಬಾರಿ, ಒಪ್ಪಿದೆ. ಅದಕ್ಕೇ ಕೆಳಗಿನ ಎರಡಡಿಗೂ ರಾತ್ರಿ ಮಲಗುವ ಪೆಟ್ಟಿಗೆಯ ಕಿಂಡಿಗಳಿಗೂ ಮಾತ್ರ ಇದನ್ನು ಹಾಕಿ. ಮೇಲ್ಭಾಗಕ್ಕೆ ನಿಮ್ಮ ಪ್ರೀತಿಯ ಕೋಳಿ ಜಾಲರಿ ನಡೆಯುತ್ತದೆ, ಕತ್ತಲಾಗುವ ಮೊದಲು ಕೋಳಿಗಳು ಪೆಟ್ಟಿಗೆ ಸೇರುವುದಾದರೆ. 8×4 ಅಡಿ ಗೂಡಿನ ಸುತ್ತಳತೆ 24 ಅಡಿ. ನಾಲ್ಕಡಿ ಅಗಲದ ಮೆಶ್ 12 ಅಡಿ ತಂದು ಉದ್ದಕ್ಕೆ ಸೀಳಿದರೆ ಕೆಳಗಿನ ಸುತ್ತು ಮುಗಿಯಿತು. ಬರೀ ಬೈಂಡಿಂಗ್ ವೈರಿನಲ್ಲಿ ಕಟ್ಟಬೇಡಿ, ಮಳೆಗೆ ತುಕ್ಕು ಹಿಡಿದು ತುಂಡಾಗುತ್ತದೆ. ಆರಾರು ಇಂಚಿಗೆ ವಾಷರ್ ಇಟ್ಟು ಸ್ಕ್ರೂ ಹಾಕಿ.

ಚೌಕಟ್ಟಿಗೆ ಒಂದಿಂಚಿನ ಚೌಕ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪ್, 20 ಅಡಿಯದು ಐದು. ಎತ್ತರ ನಾಲ್ಕಡಿ. ಒಂದು ತುದಿಯಲ್ಲಿ ನೆಲದಿಂದ ಒಂದೂವರೆ ಅಡಿ ಮೇಲೆ 4×3 ಅಡಿಯ ಪೆಟ್ಟಿಗೆ. ಒಳಗೆ ಕೋಳಿಗಳು ಕೂತು ಮಲಗಲು ಎರಡಿಂಚು ಅಗಲದ ಮರದ ರೀಪು, ಗೋಡೆಯಿಂದ ಒಂದಡಿ ದೂರದಲ್ಲಿ. ಮೊಟ್ಟೆಗೆ ಒಂದಡಿ ಚೌಕದ ಎರಡು ಗೂಡು. ಚಿಲಕದ ತೂತಿಗೆ ಬೋಲ್ಟ್ ತೂರಿಸಿ, ಮಂಗಕ್ಕೆ ಬರೀ ಚಿಲಕ ಲೆಕ್ಕಕ್ಕಿಲ್ಲ. ಎಲ್ಲ ಸೇರಿ 55–60 ಕಿಲೋ ಆದೀತು.

ಚಕ್ರದಲ್ಲಿ ಎಡವುವವರೇ ಹೆಚ್ಚು. ಚಕ್ರ ಸದಾ ನೆಲಕ್ಕೆ ತಾಗಿದ್ದರೆ ಗೂಡು ಆ ತುದಿಯಲ್ಲಿ ಎದ್ದು ನಿಂತು ಮುಂಗುಸಿಗೆ ಬಾಗಿಲಾಗುತ್ತದೆ. ಎಂಟಿಂಚಿನ ಚಕ್ರವನ್ನು ಪೆಟ್ಟಿಗೆಯಿರುವ ತುದಿಯ ಹೊರಗೆ, ನೆಲದಿಂದ ಅರ್ಧ ಇಂಚು ಮೇಲೆ ಕೂರಿಸಿ. ಎದುರಿನ ತುದಿ ಎತ್ತಿದಾಗ ಮಾತ್ರ ಅದು ನೆಲ ಮುಟ್ಟಬೇಕು. ತಳವಿಲ್ಲದ ಗೂಡಿಗೆ ಕೆರೆದು ನುಗ್ಗುವವರ ಕಾಟವೂ ಇದೆ. ಸುತ್ತಲೂ ಒಂದೂಕಾಲು ಅಡಿ ಮೆಶ್ ನೆಲಕ್ಕೆ ಹಾಸಿ, ಅಂಚಿಗೆ ಕಲ್ಲಿಡಿ. ಗೂಡಿನ ಬುಡದಿಂದಲೇ ಕೆರೆಯಲು ಶುರುಮಾಡುವ ನಾಯಿಗೆ ಹಿಂದೆ ಸರಿದು ಕೆರೆಯುವ ಬುದ್ಧಿ ಸಾಮಾನ್ಯವಾಗಿ ಹೊಳೆಯುವುದಿಲ್ಲ. ಜರುಗಿಸುವಾಗ ಮೇಲಕ್ಕೆ ಮಡಚಲು ಬರುವಂತೆ ತಂತಿಯ ಬಳೆಗಳಲ್ಲಿ ಜೋಡಿಸಿ.

ದಿನಕ್ಕೊಮ್ಮೆ ಜರುಗಿಸಿ, ಮೂರು ದಿನ ಬಿಟ್ಟರೆ ಹುಲ್ಲು ಹೋಗಿ ಬರೀ ಮಣ್ಣು, ಮಳೆಗಾಲದಲ್ಲಿ ಕೆಸರು.

ಇನ್ನು ಯಾರೂ ಕೇಳದ್ದು: ಎಲ್ಲೆಲ್ಲಿ ಜರುಗಿಸಬೇಕು? ಹಸಿ ಹಿಕ್ಕೆ ಬಲು ಖಾರ. ತೆಂಗಿನ ಸಾಲಿನ ನಡುವೆ, ಬೆಳೆ ತೆಗೆದ ಖಾಲಿ ಮಡಿಯಲ್ಲಿ ಬಿದ್ದರೆ ಒಳ್ಳೆಯ ಗೊಬ್ಬರ. ಕೊತ್ತಂಬರಿ, ದಂಟಿನ ಎಳೆ ಸಸಿಗೆ ಬಿದ್ದರೆ ಸುಟ್ಟಂತಾಗುತ್ತದೆ. ಹಸಿಯಾಗಿ ತಿನ್ನುವ ಸೊಪ್ಪಿನ ಮಡಿಯಾದರೆ ಗೂಡು ಸರಿದ ಮೇಲೆ ಕೊಯ್ಲಿಗೆ ನಾಲ್ಕು ತಿಂಗಳು ಅಂತರವಿರಲಿ, ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು. ಪೆಟ್ಟಿಗೆಯಿಂದ ಕೆರೆದು ತೆಗೆದದ್ದನ್ನು ತರಗೆಲೆಯ ಜೊತೆ ತಿಪ್ಪೆಗೆ ಸೇರಿಸಿ, ಪೂರ್ತಿ ಕಳಿತ ಮೇಲೆ ಬಳಸಿ.